ಅಂಬಿಗನ ಹಗ್ಗ

ಹೊಳೆದಂಡೆಯ ಆಶ್ರಮದಲ್ಲಿ ನೀಲಾಂಬಿಕೆಯೆಂಬ ಗುರು ಕಥೆ ಹೇಳುವ ವಿದ್ಯೆ ಕಲಿಸುತ್ತಿದ್ದಳು. ಈರಭದ್ರ ಒಂಬತ್ತು ವರ್ಷ ಅವಳ ಬಳಿ ಕಲಿತ. ಒಂದು ಸಲವೂ ಅವಳ ಬಾಯಿಂದ "ಭೇಷ್" ಎಂಬ ಮಾತು ಕೇಳಿರಲಿಲ್ಲ.

ಕೊನೆಗೆ ಅವನು ತನ್ನದೇ ಒಂದು ಕಥೆ ಕಟ್ಟಿದ. ಪ್ರವಾಹದಲ್ಲಿ ಮುಳುಗಿ ಸಾಯುವ ಹೊನ್ನನೆಂಬ ಅಂಬಿಗನ ಕಥೆ. ಮುಂದಾಗುವುದರ ಸುಳಿವು ಕೊಡಬೇಕಲ್ಲ? ಗೂಬೆ ಕೂಗಿಸಿದ. ದೀಪ ಆರಿಸಿದ. ಹೊನ್ನನ ತಾಯಿಗೆ ಕೆಟ್ಟ ಕನಸು ಬೀಳಿಸಿದ.

ಅರ್ಧ ಕಥೆಗೇ, ಕೇಳಲು ಕೂತಿದ್ದ ಊರವರ ನಡುವಿನಿಂದ ನೇಕಾರರ ಗಂಗವ್ವ ಎದ್ದು ನಿಂತಳು. "ಅವನು ಮುಳುಗ್ತಾನೆ ಬಿಡಪ್ಪ, ಗೊತ್ತಾಯ್ತು. ನನಗೆ ಮನೇಲಿ ಕೆಲಸ ಇದೆ."

ಈರಭದ್ರನ ಮುಖ ಕಪ್ಪಿಟ್ಟಿತು. ಮುಂದಿನ ವಾರ ಸುಳಿವನ್ನೆಲ್ಲ ಕಿತ್ತುಹಾಕಿ ಹೇಳಿದ. ಹೊನ್ನ ಇದ್ದಕ್ಕಿದ್ದಂತೆ ಮುಳುಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದೆಂಥ ಮೋಸ!" ಎಂದರು.

ಅವನು ಗುರುವಿನ ಮುಂದೆ ಕುಸಿದು ಕೂತ. "ಸುಳಿವು ಕೊಟ್ಟರೆ ಎದ್ದು ಹೋಗ್ತಾರೆ. ಕೊಡದಿದ್ದರೆ ಮೋಸ ಅಂತಾರೆ. ಏನು ಮಾಡಲಿ, ಅಮ್ಮ?"

"ಗೂಬೆ ಕೂಗಿದ್ದು ಯಾರಿಗೋಸ್ಕರ?"

"ಕೇಳುವವರಿಗೋಸ್ಕರ."

"ಹೊನ್ನನಿಗೋಸ್ಕರ ಏನಿದೆ ನಿನ್ನ ಕಥೆಯಲ್ಲಿ?"

ನೀಲಾಂಬಿಕೆ ಈರಭದ್ರನ ಕೈಗೊಂದು ಹುಟ್ಟು ಕೊಟ್ಟು, ದೋಣಿಗಟ್ಟೆಯ ಕಡೆ ಬೆರಳು ತೋರಿಸಿದಳು.

ಮಳೆಗಾಲ ಪೂರ್ತಿ ಅವನು ಅಂಬಿಗರ ಜೊತೆ ದೋಣಿ ನಡೆಸಿದ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಗಟ್ಟಿಯಾಯಿತು. ತಿರುಗಿ ಬಂದು ಕಥೆ ಹೇಳಲು ಕೂತ.

ಈ ಸಲ ಹೊನ್ನನಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲು ಕಟ್ಟಲು ಅವನು ದೋಣಿಯ ಹಗ್ಗವನ್ನೇ ಬಿಚ್ಚಿ ತಂದ. "ನನ್ನ ರಾಣಿಗೆ ಇದಕ್ಕಿಂತ ಗಟ್ಟಿ ಹಗ್ಗ ಊರಲ್ಲೇ ಇಲ್ಲ" ಎಂದು ಮೀಸೆ ತಿರುವಿದ. ಜನ ನಕ್ಕರು.

ಹೊಳೆ ಉಕ್ಕಿತು. ದೋಣಿ ಗಿರ್ರನೆ ತಿರುಗಿತು. ಹಗ್ಗ ಎಸೆದರೆ ಸಿಗುವಷ್ಟು ದೂರದಲ್ಲಿ ದಡದ ಮರ. ಹೊನ್ನ ಬಗ್ಗಿ ಹಗ್ಗಕ್ಕೆ ಕೈ ಚಾಚಿದ.

ಈರಭದ್ರ ಅಲ್ಲಿಗೆ ನಿಲ್ಲಿಸಿದ.

"ಅಯ್ಯೋ, ಹಗ್ಗ ತೊಟ್ಟಿಲಲ್ಲಿದೆ!" ಎಂದು ಜನವೇ ಕೂಗಿತು. ಯಾರೂ ಏಳಲಿಲ್ಲ. ಗಂಗವ್ವ ಸೆರಗನ್ನು ಬಾಯಿಗೊತ್ತಿಕೊಂಡು ಕೂತೇ ಇದ್ದಳು.

ಕಥೆ ಮುಗಿಸಿ ಅವನು ಎದೆಯುಬ್ಬಿಸಿ ಗುರುವಿನ ಬಳಿ ಬಂದ. "ಅಮ್ಮ, ನಾನು ಹೇಳೋ ಮೊದಲೇ ಅವರೇ ಹೇಳಿಬಿಟ್ಟರು!"

ನೀಲಾಂಬಿಕೆಯ ಕಣ್ಣು ಹೊಳೆಯುತ್ತಿತ್ತು. ಕಥೆ ಹೇಳುವ ಜಗಲಿಯ ಮೇಲಿದ್ದ ತನ್ನ ಚಾಪೆಯನ್ನು ಅವಳೇ ಎತ್ತಿದಳು. ಕೆಳಗೆ, ಜನ ಕೂರುವಲ್ಲಿ ಹಾಸಿಕೊಂಡಳು.

"ನಾಳೆಯಿಂದ ಮೇಲೆ ಕೂತು ನೀನೇ ಹೇಳು" ಎಂದಳು. "ಮುಂದೇನಾಗುತ್ತೋ ಅಂತ ಹೆದರಿಕೊಂಡು ಕಥೆ ಕೇಳಿ ನನಗೆ ಎಷ್ಟು ವರ್ಷವಾಗಿತ್ತು!"