ಹನ್ನೊಂದನೇ ನಂಬರಿನ ಒಂದು ಜೊತೆ

"ಗುರುಗಳೇ, ಒಂದು ಲೆಕ್ಕ ಪ್ರತಿ ವರ್ಷವೂ ಸರಿಯಾಗಿಯೇ ಬರುತ್ತಿದೆ. ಆದರೂ ಅದನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ. ತಪ್ಪು ಲೆಕ್ಕದ್ದೋ, ಮನಸ್ಸಿನದೋ?"

ಹೀಗೆ ಕೇಳಿದವಳು ವಾರಿಜಾ. ಕುಕ್ಕರ್ ತಯಾರಿಸುವ ಒಂದು ಕಂಪನಿಯಲ್ಲಿ ಮುಂದಿನ ವರ್ಷದ ಯೋಜನೆ ಹಾಕುವುದು ಅವಳ ಕೆಲಸ. ಕೇಳಿಸಿಕೊಂಡವರು ನಂಜುಂಡಾರಾಧ್ಯರು. ಅದೇ ಕೆಲಸವನ್ನು ಮೂವತ್ತು ವರ್ಷ ಮಾಡಿ ನಿವೃತ್ತರಾದವರು. ಈಗ ಭಾನುವಾರ ಬೆಳಿಗ್ಗೆ ಬಂದವರಿಗೆ ಕಲಿಸುತ್ತಾರೆ. ಅವರ ಪಾಠದಲ್ಲಿ ಅರ್ಧಕ್ಕರ್ಧ ಕತೆ. ಅದರಲ್ಲಿ ನಿಜವೆಷ್ಟು ಎಂದು ಕೇಳಿದವರಿಗೆ ಮಜ್ಜಿಗೆ ಕೊಡುತ್ತಾರೆ, ಉತ್ತರ ಕೊಡುವುದಿಲ್ಲ.

ವಾರಿಜಾ ವಿವರಿಸಿದಳು. ಅವರ ಕಂಪನಿಯಲ್ಲಿ ಅನೇಕ ಆಯಾಮಗಳ ಒಂದು ಡೇಟಾಬೇಸ್ ಇದೆ. ಊರು ಒಂದು ಆಯಾಮ, ಕುಕ್ಕರಿನ ಅಳತೆ ಇನ್ನೊಂದು, ತಿಂಗಳು ಮತ್ತೊಂದು. ಯಾವ ಕಡೆಯಿಂದ ಕೇಳಿದರೂ ಉತ್ತರ ಬರುತ್ತದೆ. ಒಟ್ಟು ಇಷ್ಟು ಮಾರಬೇಕು ಎಂದು ಮೇಲೆ ಒಂದು ಸಂಖ್ಯೆ ಕೊಟ್ಟರೆ, ಕೆಳಗಿನ ಅಂಗಡಿಯವರೆಗೂ ತಾನೇ ಹಂಚುತ್ತದೆ. ಹೊಳೆಸಾಲು ಎಂಬ ಊರಿನ ಶಾಖೆಯಲ್ಲಿ ವ್ಯಾಪಾರ ಕುಗ್ಗುತ್ತದೆ ಎಂದು ಅದು ಮೂರು ವರ್ಷದಿಂದ ಹೇಳುತ್ತಿದೆ. ಮೂರು ವರ್ಷವೂ ಹಾಗೆಯೇ ಆಗಿದೆ. ಆ ಶಾಖೆಯನ್ನು ಮುಚ್ಚುವುದಕ್ಕೆ ನಾಳೆ ಅವಳು ಒಪ್ಪಿಗೆ ಕೊಡಬೇಕು.

ಗುರುಗಳು ಕಣ್ಣು ಮುಚ್ಚಿದರು. ನಿದ್ದೆಯೋ ಧ್ಯಾನವೋ ಎಂದು ಎದುರಿಗಿದ್ದವರು ಯೋಚಿಸುವಷ್ಟು ಹೊತ್ತಾದ ಮೇಲೆ ಈ ಕತೆಯನ್ನು ಹೇಳಿದರು. ನಡೆದದ್ದು ನಿಜವಂತೆ. ಎಲ್ಲಿ ಎಂಬುದು ಮಾತ್ರ ಅವರಿಗೆ ಮರೆತಿದೆಯಂತೆ.

ಒಬ್ಬ ಚಪ್ಪಲಿ ವ್ಯಾಪಾರಿ ಇದ್ದ. ಹದಿನಾಲ್ಕು ಊರುಗಳಲ್ಲಿ ಅವನಿಗೆ ಹದಿನಾಲ್ಕು ಅಂಗಡಿಗಳಿದ್ದವು. ಹೋದ ಸಲ ಗುರುಗಳು ಈ ಕತೆ ಹೇಳಿದಾಗ ಒಂಬತ್ತೇ ಇದ್ದವು. ನಡುವೆ ವ್ಯಾಪಾರ ಚೆನ್ನಾಗಿ ನಡೆದಿರಬೇಕು.

ವ್ಯಾಪಾರಿಗೆ ಮೊಣಕಾಲು ನೋವು. ಊರೂರು ತಿರುಗಲಾರ. ಅದಕ್ಕಾಗಿ ಬಡಗಿಯಿಂದ ಗೂಡುಗಳ ಒಂದು ದೊಡ್ಡ ಪೆಟ್ಟಿಗೆ ಮಾಡಿಸಿದ. ಅಗಲಕ್ಕೆ ಊರುಗಳು. ಎತ್ತರಕ್ಕೆ ಚಪ್ಪಲಿಯ ನಂಬರುಗಳು, ಐದರಿಂದ ಹನ್ನೊಂದರವರೆಗೆ. ಒಳಕ್ಕೆ ಹೋದಂತೆ ತಿಂಗಳುಗಳು. ಪ್ರತಿ ಗೂಡಿನಲ್ಲೂ ಒಂದು ಚೀಟಿ. ಆ ಊರಿನಲ್ಲಿ, ಆ ತಿಂಗಳು, ಆ ನಂಬರಿನವು ಎಷ್ಟು ಜೊತೆ ಮಾರಾಟವಾದವು ಎಂಬುದು ಅದರಲ್ಲಿ.

ಈ ಪೆಟ್ಟಿಗೆಯನ್ನು ಯಾವ ಕಡೆಯಿಂದ ಬೇಕಾದರೂ ಕೇಳಬಹುದಿತ್ತು. ಒಂದು ಊರಿನ ಚೀಟಿಗಳನ್ನು ತೆಗೆದರೆ ಆ ಊರಿನ ಇಡೀ ವರ್ಷ ಕೈಗೆ ಬರುತ್ತಿತ್ತು. ಎಂಟನೇ ನಂಬರಿನ ಚೀಟಿಗಳನ್ನು ತೆಗೆದರೆ ಹದಿನಾಲ್ಕು ಊರಿನ ಎಂಟನೇ ನಂಬರಿನ ಪಾದಗಳೆಲ್ಲ ಎದುರಿಗೆ ಬಂದು ನಿಲ್ಲುತ್ತಿದ್ದವು. ವ್ಯಾಪಾರಿ ಅದರ ಮುಂದೆ ಕಾಲು ಚಾಚಿ ಕುಳಿತು ಇಡೀ ಸೀಮೆಯನ್ನು ಸುತ್ತಿ ಬರುತ್ತಿದ್ದ.

ಪೆಟ್ಟಿಗೆಯನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತನಿದ್ದ. ವರ್ಷದ ಆರಂಭದಲ್ಲಿ ವ್ಯಾಪಾರಿ ಅವನಿಗೆ ಒಂದೇ ಮಾತು ಹೇಳುವನು: ಈ ವರ್ಷ ಒಟ್ಟು ಆರು ಸಾವಿರ ಜೊತೆ. ಗುಮಾಸ್ತ ಅದನ್ನು ಹಳೆಯ ಚೀಟಿಗಳ ಪ್ರಮಾಣದಲ್ಲಿ ಗೂಡುಗೂಡಿಗೆ ಹಂಚುವನು. ಏರುತ್ತಿದ್ದ ಊರಿಗೆ ಏರಿಸಿ ಬರೆಯುವನು, ಇಳಿಯುತ್ತಿದ್ದ ಊರಿಗೆ ಇಳಿಸಿ ಬರೆಯುವನು. ಸೊನ್ನೆ ಇದ್ದಲ್ಲಿ ಸೊನ್ನೆಯನ್ನೇ ಬರೆಯುವನು. ಸೊನ್ನೆಯನ್ನು ಎಷ್ಟು ಏರಿಸಿದರೂ ಸೊನ್ನೆಯೇ ತಾನೆ. ಅವನು ಬರೆದಷ್ಟನ್ನು ತುಂಬಿಕೊಂಡು ಗಾಡಿಗಳು ಹೊರಡುತ್ತಿದ್ದವು.

ಅಂಗಡಿಗಳಿಗೆ ಇದ್ದದ್ದು ಒಂದೇ ಕಟ್ಟಳೆ. ಮಾರಿದ್ದನ್ನು ಬರೆಯಬೇಕು, ಬೇರೆ ಏನನ್ನೂ ಬರೆಯಬಾರದು. ಬಂದು, ಕೇಳಿ, ಸಿಗದೆ ಹೋದವನ ಪಾದಕ್ಕೆ ಆ ಪೆಟ್ಟಿಗೆಯಲ್ಲಿ ಗೂಡಿರಲಿಲ್ಲ.

ಹದಿನಾಲ್ಕರಲ್ಲಿ ಒಂದು ಕಲ್ಲುಕುಟಿಗರ ಊರು. ದೊಡ್ಡ ಆಳುಗಳು, ದೊಡ್ಡ ಪಾದಗಳು. ನೆಲದ ತುಂಬ ಕಲ್ಲಿನ ಚಕ್ಕೆ. ಅಲ್ಲಿ ಅಂಗಡಿ ತೆರೆದ ವರ್ಷ, ದೊಡ್ಡ ನಂಬರುಗಳನ್ನು ಹೇರಿಕೊಂಡು ಬರುತ್ತಿದ್ದ ಗಾಡಿಯ ಅಚ್ಚು ದಾರಿಯಲ್ಲಿ ಮುರಿಯಿತು. ಆ ಸರಕನ್ನು ಪಕ್ಕದ ಊರಿನ ಅಂಗಡಿಗೇ ಇಳಿಸಿಬಿಟ್ಟರು. ಕಲ್ಲುಕುಟಿಗರಿಗೆ ಬಂದದ್ದು ಎಂಟರವರೆಗಿನ ನಂಬರು ಮಾತ್ರ. ಹೆಂಗಸರು ಕೊಂಡರು. ಕೆಲವು ಗಂಡಸರು ಎಂಟನೆಯದನ್ನೇ ಕೊಂಡು, ಹಿಮ್ಮಡಿಯನ್ನು ಹೊರಗೆ ಬಿಟ್ಟುಕೊಂಡು ನಡೆದರು. ಉಳಿದವರು ಕಾಲಿಗೆ ಗೋಣಿ ಸುತ್ತಿಕೊಂಡರು.

ಆ ಊರಿನ ಒಂಬತ್ತು, ಹತ್ತು, ಹನ್ನೊಂದರ ಗೂಡುಗಳಲ್ಲಿ ಸೊನ್ನೆ ಬಿತ್ತು. ಮರುವರ್ಷ ಸೊನ್ನೆಗೆ ಸಿಕ್ಕ ಪಾಲು ಸೊನ್ನೆ. ಅದರ ಮರುವರ್ಷವೂ ಅಷ್ಟೆ. ಹಿಮ್ಮಡಿ ಹೊರಗಿದ್ದವರೂ ಒಬ್ಬೊಬ್ಬರಾಗಿ ಅಂಗಡಿಯ ಕಡೆ ಬರುವುದನ್ನು ಬಿಟ್ಟರು. ತೊಂಬತ್ತು ಜೊತೆ ಮಾರುತ್ತಿದ್ದ ಅಂಗಡಿ ಐದನೆಯ ವರ್ಷಕ್ಕೆ ಮೂವತ್ತಕ್ಕೆ ಇಳಿಯಿತು. ಆರನೆಯ ವರ್ಷ ಹದಿನೈದು ಎಂದು ಪೆಟ್ಟಿಗೆ ಹೇಳಿತು. ಹದಿನೈದೇ ಕಳುಹಿಸಿದರು. ಹದಿನೈದೇ ಮಾರಾಟವಾಯಿತು. ಎಂಥ ಮುನ್ನೋಟ ಎಂದು ವ್ಯಾಪಾರಿ ಗುಮಾಸ್ತನ ಬೆನ್ನು ತಟ್ಟಿದ.

ಅಷ್ಟೇ ಅಲ್ಲ. ಮನೆಗೆ ಬಂದ ನೆಂಟರಿಗೆ ಅವನು ಒಂದು ವಿಸ್ಮಯವನ್ನೂ ಹೇಳುತ್ತಿದ್ದ. ಕಲ್ಲು ಒಡೆಯುವವರಿಗೆ ಪಾದ ಬೆಳೆಯುವುದಿಲ್ಲವಂತೆ, ಅದನ್ನು ತನ್ನ ಪೆಟ್ಟಿಗೆ ಕಂಡುಹಿಡಿದಿದೆಯಂತೆ. ನೆಂಟರು ತಲೆದೂಗುತ್ತಿದ್ದರು. ಊಟ ಹಾಕುವವನ ಮಾತಿಗೆ ತಲೆದೂಗುವುದು ರೂಢಿ.

ಕಲ್ಲುಕುಟಿಗರ ಊರಿನ ಅಂಗಡಿಯನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಅವಳಿಗೆ ಅದನ್ನು ಬಿಟ್ಟರೆ ಬೇರೆ ಜೀವನವಿರಲಿಲ್ಲ. ದೀಪಾವಳಿಗೆ ಅಂಗಡಿ ಮುಚ್ಚಬೇಕೆಂದು ಆಜ್ಞೆ ಬಂತು. ದೊಡ್ಡ ನಂಬರು ಕಳುಹಿಸಿ ಎಂದು ಅವಳು ಮೊದಲ ವರ್ಷದಿಂದಲೂ ಕಾಗದ ಬರೆಯುತ್ತಲೇ ಇದ್ದಳು. ಆ ಕಾಗದ ಮಾರಾಟದ ಚೀಟಿಯಲ್ಲ. ಅದಕ್ಕೆ ಗೂಡಿಲ್ಲದೆ ಗುಮಾಸ್ತ ಕಿಟಕಿಯ ಮೇಲೆ ಇಡುತ್ತಿದ್ದ. ಮುಂದಿನದನ್ನು ಗಾಳಿ ನೋಡಿಕೊಳ್ಳುತ್ತಿತ್ತು. ಊರಿನ ಗಂಡಸರು ಅವಳನ್ನು ಹಾಸ್ಯ ಮಾಡುತ್ತಿದ್ದರು. ನಿನ್ನ ಸಾಹುಕಾರನನ್ನು ಕಾಯುವುದಕ್ಕಿಂತ ಕಲ್ಲಿನಲ್ಲೇ ಒಂದೊಂದು ಜೊತೆ ಕೆತ್ತಿಕೊಳ್ಳುತ್ತೇವೆ ಅಕ್ಕಾ, ಸವೆಯುವುದೂ ಇಲ್ಲ ಎನ್ನುತ್ತಿದ್ದರು.

ಈ ಸಲ ಅವಳು ಬೇಡುವ ಕಾಗದ ಬರೆಯಲಿಲ್ಲ. ಕಟ್ಟಳೆಯಂತೆ ತಿಂಗಳ ಚೀಟಿಯನ್ನಷ್ಟೇ ಬರೆದಳು. ಆರನೇ ನಂಬರು, ಒಂದು ಜೊತೆ. ಏಳನೇ ನಂಬರು, ಇಲ್ಲ. ಎಂಟನೇ ನಂಬರು, ಇಲ್ಲ. ಹನ್ನೊಂದನೇ ನಂಬರು, ಒಂದು ಜೊತೆ.

ಚೀಟಿಯನ್ನು ಗೂಡಿಗೆ ಹಾಕಲು ಹೋದ ಗುಮಾಸ್ತನ ಕೈ ಅಲ್ಲಿಯೇ ನಿಂತಿತು. ಆ ಊರಿಗೆ ಹನ್ನೊಂದನೇ ನಂಬರು ಹೋದದ್ದೇ ಇಲ್ಲ. ಹೋಗದ ಜೊತೆ ಮಾರಾಟವಾದದ್ದು ಹೇಗೆ? ಅವನು ಅಗಲಕ್ಕೆ ಕೂಡಿದ, ಎತ್ತರಕ್ಕೆ ಕೂಡಿದ, ಒಳಕ್ಕೆ ಕೂಡಿದ. ಯಾವ ಕಡೆಯಿಂದ ಕೂಡಿದರೂ ಕಳುಹಿಸಿದ್ದಕ್ಕಿಂತ ಮಾರಿದ್ದು ಒಂದು ಜೊತೆ ಹೆಚ್ಚು. ವ್ಯಾಪಾರಿಗೆ ಅನ್ನ ಸೇರಲಿಲ್ಲ. ತನ್ನ ಅಂಗಡಿಯಲ್ಲಿ ಯಾರೋ ಕಳ್ಳ ಸರಕು ಮಾರುತ್ತಿದ್ದಾರೆ ಎಂದು ತೀರ್ಮಾನಿಸಿದ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಗಾಡಿ ಕಟ್ಟಿಸಿದ. ಆ ಊರಿಗೆ ಅವನು ಹೊರಟದ್ದು ಅದೇ ಮೊದಲು.

ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ. ಆ ಜೊತೆ ಎಲ್ಲಿಂದ ಬಂತು, ಯಾರಿಗೆ ಮಾರಿದೆ ಎಂದು ಕೇಳಿದ.

"ಎಲ್ಲಿಂದಲೂ ಬರಲಿಲ್ಲ, ಯಾರಿಗೂ ಮಾರಲಿಲ್ಲ ಸಾಹುಕಾರರೇ. ಆರು ವರ್ಷ ನಿಜ ಬರೆದೆ, ನೀವು ಬರಲಿಲ್ಲ. ಒಂದು ಸುಳ್ಳು ಬರೆದೆ, ಗಾಡಿ ಕಟ್ಟಿಸಿಕೊಂಡು ಬಂದಿರಿ."

ವ್ಯಾಪಾರಿ ಸಿಟ್ಟಿನಿಂದ ಎದ್ದು ಹೊರಗೆ ಬಂದ. ಬಾಗಿಲಲ್ಲಿ ಅವನ ಚಪ್ಪಲಿಗಳಿರಲಿಲ್ಲ. ಒಬ್ಬ ಕಲ್ಲುಕುಟಿಗ ಅವುಗಳನ್ನು ಮೆಟ್ಟಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆದು ನೋಡುತ್ತಿದ್ದ. ವ್ಯಾಪಾರಿಯದೂ ಹನ್ನೊಂದನೇ ನಂಬರು. ಕಲ್ಲುಕುಟಿಗನ ಹಿಮ್ಮಡಿ ಸರಿಯಾಗಿ ಒಳಗೆ ಕುಳಿತಿತ್ತು. ಅಂತೂ ಅಂಗಡಿಗೆ ಸರಕು ಬಂತಲ್ಲ ಎಂದು ಅವನು ಸಂತೋಷದಿಂದ ಬೆಲೆ ಕೇಳಿದ. ಯಾರೋ ಒಂದಷ್ಟು ದಿನ ಮೆಟ್ಟಿದ ಹಾಗಿದೆ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದೂ ಹೇಳಿದ.

ಅವನ ಹಿಂದೆ ಇನ್ನೂ ಹನ್ನೊಂದು ಜನ ತಮ್ಮ ಸರದಿಗಾಗಿ ಸಾಲಾಗಿ ನಿಂತಿದ್ದರು. ವ್ಯಾಪಾರಿ ಅವರ ಕಾಲುಗಳನ್ನು ನೋಡಿದ. ಗೋಣಿ. ಗೋಣಿಯ ಅಂಚಿನಲ್ಲಿ ಒಣಗಿದ ರಕ್ತ. ಅವನು ಆ ತುದಿಯಿಂದ ಈ ತುದಿಗೆ ಎಣಿಸಿದ. ಈ ತುದಿಯಿಂದ ಆ ತುದಿಗೆ ಎಣಿಸಿದ. ಎರಡು ಸಲವೂ ಇಪ್ಪತ್ತೆರಡು ಪಾದಗಳು.

ಆಮೇಲೆ, ಮೆಟ್ಟಿದ ಚಪ್ಪಲಿಗೆ ಅರ್ಧ ಬೆಲೆ ಎಂದ. ಎಷ್ಟಾದರೂ ವ್ಯಾಪಾರಿ.

ಹೀಗೆ ಆ ಚೀಟಿ ಹನ್ನೆರಡು ದಿನ ತಡವಾಗಿ ನಿಜವಾಯಿತು. ಅಂಗಡಿಯಿಂದ ಗಾಡಿಗೆ ನಲವತ್ತು ಹೆಜ್ಜೆ. ಅಷ್ಟನ್ನೂ ವ್ಯಾಪಾರಿ ಬರಿಗಾಲಿನಲ್ಲಿ ಕಲ್ಲಿನ ಚಕ್ಕೆಗಳ ಮೇಲೆ ನಡೆದ. ಹತ್ತನೆಯ ಹೆಜ್ಜೆಗೆ ಅಂಗಡಿ ಮುಚ್ಚುವುದು ಬೇಡ ಎಂದ. ಇಪ್ಪತ್ತನೆಯ ಹೆಜ್ಜೆಗೆ ಒಂದು ಗಾಡಿ ದೊಡ್ಡ ನಂಬರು ಕಳುಹಿಸುತ್ತೇನೆ ಎಂದ. ಮೂವತ್ತಕ್ಕೆ ಅದು ಎರಡು ಗಾಡಿಯಾಯಿತು. ಗಾಡಿ ಹತ್ತುವಾಗ ಇನ್ನೂ ಏನೋ ಅಂದ. ಅದು ಪಾಠಕ್ಕೆ ಸೇರಿದ ಮಾತಲ್ಲ ಎಂದು ಗುರುಗಳು ಬಿಟ್ಟುಬಿಟ್ಟರು.

ಆ ವರ್ಷ ಕಲ್ಲುಕುಟಿಗರ ಊರಿನಲ್ಲಿ ಇನ್ನೂರ ನಲವತ್ತು ಜೊತೆ ಮಾರಾಟವಾದವು. ಬಡಗಿಯನ್ನು ಮತ್ತೆ ಕರೆಸಿದರು. ಕೇಳಿ ಸಿಗದೆ ಹೋದವರಿಗೆಂದು ಪೆಟ್ಟಿಗೆಗೆ ಹೊಸ ಗೂಡುಗಳು ಬಂದವು. ಕೆಲಸ ಹೆಚ್ಚಿತೆಂದು ಗುಮಾಸ್ತ ಗೊಣಗಿದ. ವ್ಯಾಪಾರಿ ಮಾತ್ರ ಬೆಳಿಗ್ಗೆ ಎದ್ದು ಮೊದಲು ಆ ಗೂಡುಗಳಿಗೇ ಕೈ ಹಾಕುತ್ತಿದ್ದ. ಆ ಹೆಂಗಸು ತನ್ನ ತಲೆ ನರೆಯುವವರೆಗೂ ಅಂಗಡಿ ನಡೆಸಿದಳು. ಊರಿನವರ ಹಿಮ್ಮಡಿಗಳು ವಾಸಿಯಾದವು.

ಇಷ್ಟು ಹೇಳಿ ಗುರುಗಳು ಮಜ್ಜಿಗೆಯ ಲೋಟಕ್ಕೆ ಕೈ ಚಾಚಿದರು. ವಾರಿಜಾ ಮನಸಾರೆ ನಕ್ಕಿದ್ದಳು. ಆದರೆ ಲೆಕ್ಕದಲ್ಲೇ ಬೆಳೆದ ಬುದ್ಧಿ. ಒಂದು ಮಾತು ಅವಳಿಗೆ ಒಪ್ಪಿಗೆಯಾಗಿರಲಿಲ್ಲ.

"ಏನೇ ಹೇಳಿ ಗುರುಗಳೇ, ಆ ಹೆಂಗಸು ಲೆಕ್ಕದೊಳಗೆ ಸುಳ್ಳು ಸೇರಿಸಿದಳು. ಅದು ತಪ್ಪಲ್ಲವೆ?"

"ತಪ್ಪೇ ಕಣಮ್ಮ, ಅದಕ್ಕೆ ಮೊದಲು ಆರು ವರ್ಷ ಆ ಗೂಡಿನಲ್ಲಿ ಕೂತಿದ್ದ ಸೊನ್ನೆಯನ್ನು ನೀನು ಏನೆಂದು ಕರೆಯುತ್ತೀ?"

ಹೊಳೆಸಾಲಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ವಾರಿಜಾ ಕೇಳಿದಳು.