ನಿಶ್ಚಯಕ್ಕೆ ಬಂದ ಶಾಸಕ

"ಗುರುಗಳೇ, ನಾವೇ ಓಟು ಹಾಕಿ ಗೆಲ್ಲಿಸಿದವರು ನಮ್ಮ ಕೆಲಸವನ್ನೇ ಯಾಕೆ ಮಾಡುವುದಿಲ್ಲ?" ಎಂದು ಶಿಷ್ಯ ಮರಿದೇವ ಕೇಳಿದ.

ಅವತ್ತು ಬೆಳಿಗ್ಗೆ ಮಠದ ರಸ್ತೆಯ ಗುಂಡಿಗೆ ಅವನು ಸೈಕಲ್ ಸಮೇತ ಬಿದ್ದು ಎದ್ದು ಬಂದಿದ್ದ. ಪ್ರಶ್ನೆಯಲ್ಲಿ ತತ್ವಕ್ಕಿಂತ ಮೊಣಕಾಲಿನ ನೋವೇ ಹೆಚ್ಚಾಗಿತ್ತು. ಗುರುಗಳಿಗೆ ಅದು ತಿಳಿಯಿತು.

"ಕಾಲು ಚಾಚಿಕೊಂಡೇ ಕೂಡು. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಊರಿಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ. ಹಳ್ಳಕ್ಕೆ ಸೇತುವೆ ಇಲ್ಲ. ಮಳೆಗಾಲದಲ್ಲಿ ಎದೆಮಟ್ಟ ನೀರು, ಚಳಿಗಾಲದಲ್ಲಿ ಮೊಣಕಾಲುಮಟ್ಟ, ಬೇಸಿಗೆಯಲ್ಲಿ ಬರೀ ಕೆಸರು. ಆ ಊರಿನಲ್ಲಿ ಗುಡದಪ್ಪ ಎಂಬ ರೈತನಿದ್ದ. ಹೊಲವಿತ್ತು, ಎತ್ತುಗಳಿದ್ದವು, ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿರಲಿಲ್ಲ. ಬೆಳೆದು ನಿಂತ ಮಗನೂ ಇದ್ದ. ಮನೆಯಲ್ಲಿ ಇಲ್ಲದವಳು ಸೊಸೆ ಒಬ್ಬಳೇ.

ಹುಡುಗನಲ್ಲಿ ಯಾವ ಐಬೂ ಇರಲಿಲ್ಲ. ಐಬು ಇದ್ದದ್ದು ಹಳ್ಳದಲ್ಲಿ. ಹೆಣ್ಣಿನ ಕಡೆಯವರು ಬರುತ್ತಿದ್ದರು, ದಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದರು, "ನಮ್ಮ ಮಗಳು ಹೆರಿಗೆಗೆ ಈಜಿಕೊಂಡು ಬರಬೇಕೇನ್ರಿ?" ಎಂದು ಕೇಳಿ ಬಂದ ದಾರಿ ಹಿಡಿಯುತ್ತಿದ್ದರು. ಗುಡದಪ್ಪನ ಮನೆಯ ಚಹಾ ಕುಡಿದವರೇ ಇಲ್ಲ. ಮಗನ ತಲೆಯಲ್ಲಿ ಬಿಳಿಕೂದಲು ಇಣುಕತೊಡಗಿತು. ಅಪ್ಪನ ಕರುಳು, ಪಾಪ, ಅದನ್ನು ನೋಡಿದಾಗಲೆಲ್ಲ ಚುರ್ ಎನ್ನುತ್ತಿತ್ತು.

ಕೊನೆಗೊಂದು ದಿನ ಅವನು ಹೆಗಲಿಗೆ ಟವೆಲು ಹಾಕಿಕೊಂಡು ಶಾಸಕನ ಮನೆಗೆ ಹೋದ.

ಆ ಕ್ಷೇತ್ರದ ಶಾಸಕ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನೀನೂ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೋಗುತ್ತಿದ್ದೆ. ಅವನು ಮೆತ್ತಗಿನ ಮನುಷ್ಯ. ಹಿಂದೊಮ್ಮೆ ಚುನಾವಣೆಯಲ್ಲಿ ಸೋತಿದ್ದ. ಯಾಕೆ ಸೋತೆ ಎಂದು ವಿಚಾರಿಸಿ ನೋಡಿದರೆ, ಯಾರದೋ ಅಜ್ಜಿಯ ಮಣ್ಣಿಗೆ ಅವನು ಬಂದಿರಲಿಲ್ಲವಂತೆ. ಅಂದಿನಿಂದ ಅವನ ಕಾರಿನಲ್ಲಿ ಮದುವೆ ಮನೆಗೊಂದು ಹಾರ, ಸಾವಿನ ಮನೆಗೊಂದು ಹಾರ ತಯಾರಿರುತ್ತಿತ್ತು. ಗೃಹಪ್ರವೇಶ, ಸೀಮಂತ, ಜವಳ, ಹಿಟ್ಟಿನ ಗಿರಣಿಯ ಉದ್ಘಾಟನೆ, ಒಂದನ್ನೂ ಬಿಡುತ್ತಿರಲಿಲ್ಲ. ಹೋದಲ್ಲೆಲ್ಲ ಉಂಡು ಬರಲೇಬೇಕು, ಇಲ್ಲದಿದ್ದರೆ ಮನೆಯವರು ಮುನಿಸಿಕೊಳ್ಳುತ್ತಾರೆ. ಹೀಗಾಗಿ ಕ್ಷೇತ್ರ ಬೆಳೆಯದಿದ್ದರೂ ಅವನ ಹೊಟ್ಟೆ ಬೆಳೆದಿತ್ತು.

ಗುಡದಪ್ಪ ತನ್ನ ಗೋಳು ಹೇಳಿಕೊಂಡ. ಶಾಸಕನಿಗೆ ನಿಜಕ್ಕೂ ಅಯ್ಯೋ ಎನ್ನಿಸಿತು.

"ಗೌಡ್ರ, ಚಿಂತಿ ಬಿಡ್ರಿ. ಆ ಹಳ್ಳಕ್ಕ ಒಂದು ಸೇತುವೆ ಕೊಡೋ ಮನಸ್ಸು ಮಂತ್ರಿಗಳಿಗೆ ಐತಿ. ಮುಂದಿನ ಗುರುವಾರ ಸದನದಾಗ ನನ್ನ ಪ್ರಶ್ನೆ ಬರತೈತಿ. ನಾನು ಎದ್ದು ನಿಂತು ಕೇಳ್ತೀನಿ. ಎಲ್ಲರೆದುರಿಗೆ ಅವರಿಗೆ ಇಲ್ಲ ಅನ್ನಾಕ ಆಗೂದಿಲ್ಲ."

ಸದನದ ಪದ್ಧತಿ ಇಷ್ಟೇ, ಮರಿದೇವ. ಸಭಾಧ್ಯಕ್ಷರು ಹೆಸರು ಕೂಗುತ್ತಾರೆ. ಕೂಗಿಸಿಕೊಂಡವನು ಎದ್ದು ನಿಂತರೆ ಮಂತ್ರಿ ಉತ್ತರ ಕೊಡಬೇಕು. ಎದ್ದು ನಿಲ್ಲುವವರಿಲ್ಲದಿದ್ದರೆ ಮುಂದಿನವನ ಹೆಸರು ಕೂಗುತ್ತಾರೆ.

ಗುಡದಪ್ಪ ಹಳ್ಳ ದಾಟಿ ಊರು ಸೇರುವಷ್ಟರಲ್ಲಿ ಸುದ್ದಿ ಹಳ್ಳದ ಎರಡೂ ದಂಡೆಗೆ ಹಬ್ಬಿತ್ತು. ಸೇತುವೆ ಬರುತ್ತದಂತೆ! ಸುದ್ದಿ ಕೇಳಿಯೇ ಪಕ್ಕದ ತಾಲ್ಲೂಕಿನ ಒಬ್ಬ ರೈತ ಹೆಣ್ಣು ಕೊಡಲು ಮುಂದೆ ಬಂದ. ಹುಡುಗಿ ಹುಡುಗನನ್ನು ಒಪ್ಪಿದಳು, ಹುಡುಗ ನೆಲ ನೋಡುತ್ತಲೇ ಒಪ್ಪಿದ. ಜೋಯಿಸರು ಪಂಚಾಂಗ ತೆಗೆದು, "ನಿಶ್ಚಯಕ್ಕೆ ಗುರುವಾರ ಬಿಟ್ಟರೆ ದಿನವಿಲ್ಲ. ಆಮೇಲೆ ಧನುರ್ಮಾಸ ಹತ್ತುತ್ತದೆ" ಎಂದರು. ಹೆಣ್ಣಿನ ತಂದೆಯದು ಒಂದೇ ಮಾತು.

"ಸೇತುವೆ ಮಾಡಿಸ್ತೀನಿ ಅಂತ ಶಾಸಕರು ಬಂದು ನಮ್ಮ ಮುಂದ ನಿಂತು ಹೇಳಲಿ. ಅವಾಗ ವೀಳ್ಯ ತಗೋತೀವಿ."

ಗುಡದಪ್ಪ ಮತ್ತೆ ಶಾಸಕನ ಮನೆಗೆ ಓಡಿದ. ಶಾಸಕ ತಲೆ ಕೆರೆದುಕೊಂಡ.

"ಗುರುವಾರ ನಾನು ಸದನದಾಗ ಇರಬೇಕಲ್ರಿ ಗೌಡ್ರ. ನಿಮ್ಮ ಸೇತುವೆ ಸಲುವಾಗೇ ಹೊಂಟೀನಿ. ಬೇಕಾದ್ರ ಫೋನಿನಾಗ ಮಾತಾಡ್ತೀನಿ, ಬೀಗರಿಗೆ ಕೇಳಿಸ್ರಿ."

"ಫೋನಿನಾಗ ಬಂದು ಹೋಳಿಗಿ ಉಣ್ಣಾಕ ಆಗತೈತೇನ್ರಿ?" ಗುಡದಪ್ಪನ ಧ್ವನಿ ಏರಿತು. "ನೀವು ಬರಲಿಲ್ಲಂದ್ರ ನಾಕು ಮಂದಿ ಮುಂದ ನನ್ನ ಮಾನ ಹೋಗತೈತಿ. ನಾವು ಓಟು ಹಾಕಿದ್ದು ನಿಮ್ಮ ಸದನಕ್ಕೋ, ನಮಗೋ?"

ಶಾಸಕನಿಗೆ ಎಂದೋ ತೀರಿಹೋದ ಆ ಅಜ್ಜಿ ಕಣ್ಣೆದುರಿಗೆ ಬಂದಳು. ಅವನು ಬೆವೆತ. ಬರುತ್ತೇನೆ ಎಂದುಬಿಟ್ಟ.

ಗುರುವಾರ ಬಂತು. ಬೀಗರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿದರು. ಶಾಸಕನನ್ನು ಟ್ರ್ಯಾಕ್ಟರಿನಲ್ಲಿ ನಿಲ್ಲಿಸಿ ಕರೆತಂದರು. ಹಲಗೆ ಬಡಿದರು, ಶಾಲು ಹೊದಿಸಿದರು, ತಲೆಗೆ ಪೇಟ ಸುತ್ತಿದರು. ಅವನು ಮೈಕ್ ಹಿಡಿದು, "ಈ ಊರಿಗೆ ಸೇತುವೆ ಮಾಡಿಸದಿದ್ದರೆ ನಾನು ನಿಮ್ಮ ಮನೆಮಗನೇ ಅಲ್ಲ!" ಎಂದು ಗುಡುಗಿದ. ಚಪ್ಪಾಳೆಗೆ ಮನೆಯ ತಗಡು ಅದುರಿತು. ಹೆಣ್ಣಿನ ತಂದೆ ವೀಳ್ಯ ತೆಗೆದುಕೊಂಡ. ಮಗ ನಕ್ಕದ್ದನ್ನು ಗುಡದಪ್ಪ ಎಷ್ಟೋ ವರ್ಷದ ಮೇಲೆ ನೋಡಿದ.

ಊಟಕ್ಕೆ ಎಲೆ ಹಾಕಿದರು. ಶಾಸಕ ತುಪ್ಪದಲ್ಲಿ ಅದ್ದಿದ ಹೋಳಿಗೆಯನ್ನು ಬಾಯಿಗಿಡುವಾಗ ಅವನ ಸಹಾಯಕ ಫೋನು ಹಿಡಿದು ಓಡಿ ಬಂದ.

"ಸಾಹೇಬ್ರ, ಸದನದಾಗ ನಿಮ್ಮ ಹೆಸರು ಕೂಗಿದ್ರಂತ್ರಿ."

"ನಾನಿಲ್ಲಿ ಅದೀನಲ್ಲೋ!"

"ಅದೇ ತೊಂದರೆ ಆಗಿದ್ದಂತ್ರಿ."

ಮುಂದಿನ ಹೆಸರು ನೆರೆಯ ಕ್ಷೇತ್ರದ ಶಾಸಕನದು. ಅವನು ಸ್ವಂತ ಅಕ್ಕನ ಮಗಳ ಮದುವೆಗೆ ಹೋಗದೆ, ಅಕ್ಕನ ಕೈಯಲ್ಲಿ ಬಾಯಿಗೆ ಬಂದಂತೆ ಬೈಸಿಕೊಂಡು, ಸದನದಲ್ಲಿ ಕೂತಿದ್ದ. ಎದ್ದು ನಿಂತ. ಅದೇ ಹಳ್ಳ ಅವನ ಕ್ಷೇತ್ರದಲ್ಲೂ ಹರಿಯುತ್ತಿತ್ತು. ನಮ್ಮ ಊರಿನ ಹತ್ತಿರ ಕಟ್ಟಿಸಿಕೊಡಿ ಎಂದು ಕೇಳಿದ. ಮಂತ್ರಿ ಹೂಂ ಎಂದರು. ಒಂದು ಹಳ್ಳಕ್ಕೆ ಎರಡು ಸೇತುವೆ ಯಾರು ಕೊಡುತ್ತಾರೆ?

ಧನುರ್ಮಾಸ ಮುಗಿಯುವ ಮೊದಲೇ ಹೆಣ್ಣಿನ ತಂದೆ ವೀಳ್ಯ ವಾಪಸು ಕಳಿಸಿದ. ಮುಂದಿನ ವರ್ಷ ಹಳ್ಳದ ಕೆಳಗಿನ ಊರಿನಲ್ಲಿ ಸೇತುವೆ ಎದ್ದಿತು. ಸೇತುವೆ ಎದ್ದ ಊರಿಗೇ ಅವನು ಮಗಳನ್ನು ಕೊಟ್ಟ. ಒಳ್ಳೆಯ ಮನುಷ್ಯ, ಗುಡದಪ್ಪನಿಗೂ ಲಗ್ನಪತ್ರಿಕೆ ಕಳಿಸಿದ್ದ. ಗುಡದಪ್ಪ ಅದನ್ನು ಹಿಡಿದುಕೊಂಡು ಅತ್ತ. ನಗಬೇಡ ಮರಿದೇವ, ಮಗನಿಗೆ ಕಾಣಿಸಬಾರದೆಂದು ಕೊಟ್ಟಿಗೆಗೆ ಹೋಗಿ ಅತ್ತ.

ಅಳು ನಿಂತ ಮೇಲೆ ಸಿಟ್ಟು ಬಂತು. ನೇರ ಶಾಸಕನ ಮನೆಗೆ ಹೋಗಿ ಪಡಸಾಲೆಯಲ್ಲೇ ನಿಂತು ಕೂಗಾಡಿದ.

"ನೀವೇ ಕರದ್ರಲ್ರಿ ಗೌಡ್ರ!" ಎಂದ ಶಾಸಕ.

"ನಾ ಕರದೆ. ನಿಮಗ ಬುದ್ಧಿ ಬ್ಯಾಡೇನ್ರಿ?"

ಶಾಸಕ ಬಾಗಿಲ ಕಡೆ ನೋಡಿದ. ಹೊರಗೆ ಇನ್ನೊಬ್ಬರು ಆಗಲೇ ಗೃಹಪ್ರವೇಶಕ್ಕೆ ಕರೆಯಲು ಬಂದು ಕಾಯುತ್ತಿದ್ದರು.

ಚುನಾವಣೆ ಬಂತು. ಈ ಸಲ ಬೇರೆಯವರನ್ನೇ ಗೆಲ್ಲಿಸಬೇಕೆಂದು ಗುಡದಪ್ಪ ಪಣ ತೊಟ್ಟ. ಊರವರು, "ನಿನ್ನ ಹೊಟ್ಟೆ ಉರಿದಷ್ಟು ಇನ್ನಾರದೂ ಉರಿದಿಲ್ಲ. ನೀನು ಯಾರಿಗೆ ಹೇಳುತ್ತೀಯೋ ಅವರಿಗೇ ನಮ್ಮ ಓಟು" ಎಂದರು. ಗುಡದಪ್ಪ ಕಟ್ಟೆಯ ಮೇಲೆ ಕೂತ. ಬಂದ ಅಭ್ಯರ್ಥಿಗಳಿಗೆಲ್ಲ ಒಂದೇ ಪ್ರಶ್ನೆ ಕೇಳಿದ.

"ಮುಂದ ನನ್ನ ಮಗನ ಮದುವಿಗೆ ಬರ್ತೀರೋ ಇಲ್ಲೋ?"

ಮೊದಲು ಬಂದವಳು ಒಬ್ಬ ನಿವೃತ್ತ ಶಿಕ್ಷಕಿ. ಊರೊಳಗೆ ಕಾಲಿಡುವ ಮೊದಲೇ ಹಳ್ಳ ನೋಡಿ ಬಂದಿದ್ದಳು. "ಅಧಿವೇಶನ ಇಲ್ಲದ ದಿನ ಇಟ್ಟುಕೊಳ್ಳಿ ಅಣ್ಣಾ, ಖಂಡಿತ ಬರುತ್ತೇನೆ. ಅಧಿವೇಶನ ಇದ್ದರೆ ಬರುವುದಿಲ್ಲ. ಅಲ್ಲಿ ನಿಮ್ಮ ಸೇತುವೆ ಕೇಳುತ್ತಿರುತ್ತೇನೆ" ಎಂದಳು.

ಗುಡದಪ್ಪನ ಮುಖ ಕೆಂಪಾಯಿತು. ಅವಳು ಅತ್ತ ಹೋದ ಮೇಲೆ ಊರವರ ಕಡೆ ತಿರುಗಿ, "ನೋಡಿದ್ರೇನ್ರೋ ಸೊಕ್ಕು? ಗೆಲ್ಲೂಕಿಂತ ಮದಲೇ ಬರೂದಿಲ್ಲ ಅನ್ನಾಕಿ, ಗೆದ್ದ ಮ್ಯಾಲೆ ಬರ್ತಾಳೇನು?" ಎಂದ. ಊರಿಗೆ ಊರೇ ಹೌದಪ್ಪ ಹೌದು ಎಂದಿತು.

ಆಮೇಲೆ ಬಂದವನು ಒಬ್ಬ ಬಟ್ಟೆ ವ್ಯಾಪಾರಿ. ಬಂದವನೇ ಗುಡದಪ್ಪನ ಕಾಲಿಗೆ ಬಿದ್ದ. "ಕಾಕಾ, ಮದುವಿಗೆ ಬರ್ತೀನೇನು ಅಂತ ಕೇಳ್ತೀರಲ್ಲ! ನಾನೇನು ಹೊರಗಿನಾಂವ? ಎಂಟು ದಿನ ಮದಲೇ ಬಂದು ಹಂದರ ಹಾಕಸ್ತೀನಿ. ತಮ್ಮಗ ಅರಿಷಿಣ ಹಚ್ಚಾಂವ ನಾನೇ. ಕಡೀ ಪಂಕ್ತಿ ಎದ್ದ ಮ್ಯಾಲೇ ನಾ ಉಣ್ಣಾಂವ."

ಗುಡದಪ್ಪನ ಕಣ್ಣು ತುಂಬಿಬಂತು. ಜನಪ್ರತಿನಿಧಿ ಅಂದರೆ ಇವನಪ್ಪಾ ಎಂದು ಅವನನ್ನು ಎಬ್ಬಿಸಿ ತಬ್ಬಿಕೊಂಡ. ಸೇತುವೆಯ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಓಟಿನ ದಿನ ಊರವರೆಲ್ಲ ಮೊಣಕಾಲುಮಟ್ಟ ನೀರಿನಲ್ಲಿ ಹಳ್ಳ ದಾಟಿ, ಆಚೆ ದಂಡೆಯ ಶಾಲೆಗೆ ಹೋಗಿ ವ್ಯಾಪಾರಿಗೇ ಗುಂಡಿ ಒತ್ತಿದರು. ಅವನು ಭಾರೀ ಅಂತರದಿಂದ ಗೆದ್ದ. ಶಿಕ್ಷಕಿ ಠೇವಣಿ ಕಳೆದುಕೊಂಡಳು.

ಗುರುಗಳು ಅಷ್ಟು ಹೇಳಿ ನಿಲ್ಲಿಸಿದರು. ಮರಿದೇವನಿಗೆ ಸುಮ್ಮನಿರಲು ಆಗಲಿಲ್ಲ. ಮೊಣಕಾಲಿನ ನೋವೂ ಮರೆತುಹೋಗಿತ್ತು.

"ಗುರುಗಳೇ, ಗೆದ್ದ ಮೇಲೆ ಆ ವ್ಯಾಪಾರಿ ಮಾತು ಉಳಿಸಿಕೊಂಡನೇ? ಗುಡದಪ್ಪನ ಮಗನ ಮದುವೆಗೆ ಬಂದನೇ?"

"ಅವನೇನೋ ಹೊಸ ಅಂಗಿ ಹೊಲಿಸಿಕೊಂಡು ಕಾಯುತ್ತಾ ಕೂತಿದ್ದಾನೆ, ಹೆಣ್ಣು ಸಿಕ್ಕಬೇಕಷ್ಟೇ" ಎಂದರು ಗುರುಗಳು.