ದಾದಾಪೀರನ ತುಕ್ಕು ಪಿಕಪ್

ಹರಾಜಿನಲ್ಲಿ ತಂದ ಮುರುಕಲು ಪಿಕಪ್ಪಿಗೆ ಮೆಕ್ಯಾನಿಕ್ ದಾದಾಪೀರ್ ಟ್ರ್ಯಾಕ್ಟರ್ ಚಕ್ರ, ಪಂಪ್‌ಸೆಟ್ ಇಂಜಿನ್, ಸಲೂನಿನ ಕುರ್ಚಿ ಜೋಡಿಸಿ, ತುಕ್ಕಿಗೆ ಬಣ್ಣವನ್ನೂ ಬಳಿಯದೆ ಓಡಿಸತೊಡಗಿದ.

ಸಾರಿಗೆ ಕಚೇರಿಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಅಡ್ಡಹಾಕಿದರು.

"ಏನಯ್ಯಾ ಇದು ಅವತಾರ? ನೀನು ಕೈ ಹಾಕೋ ಮೊದಲು ಹೇಗಿತ್ತೋ, ನಾಳೆ ಹಾಗೇ ಇರಬೇಕು. ಇಲ್ಲಾಂದ್ರೆ ಗ್ಯಾರೇಜಿಗೆ ಬೀಗ!"

"ಬರೆದುಕೊಡಿ ಸಾರ್."

ಬರೆದೂ ಕೊಟ್ಟರು.

ಮರುದಿನ ಕಚೇರಿಯಲ್ಲಿ ಅವರ ಜೀಪು ನಿಲ್ಲುವ ಬೇವಿನ ನೆರಳಿನಲ್ಲಿ ಪಿಕಪ್ಪು ಇಟ್ಟಿಗೆಗಳ ಮೇಲೆ ಕೂತಿತ್ತು. ಚಕ್ರವಿಲ್ಲ, ಇಂಜಿನ್ನಿಲ್ಲ.

"ನಿಮ್ಮ ಕಚೇರಿಯವರು ಹರಾಜು ಹಾಕೋವರೆಗೆ ಹನ್ನೊಂದು ವರ್ಷ ಇಲ್ಲೇ, ಹೀಗೇ ಇತ್ತು ಸಾರ್," ಎಂದ ದಾದಾಪೀರ್. ಹಳೇ ಜವಾನ ಹೌದೆಂದು ತಲೆಯಾಡಿಸಿದ.

ಇನ್ಸ್‌ಪೆಕ್ಟರ್ ಕೆಂಡವಾದರು. "ಈಗಲೇ ತೆಗಿ ಇದನ್ನ!"

"ತೆಗೀಬೇಕಂದ್ರೆ ಚಕ್ರ ಹಾಕಬೇಕು ಸಾರ್," ಎಂದು ದಾದಾಪೀರ್ ಪೆನ್ನು ಮುಂದೆ ಹಿಡಿದ. "ಅದನ್ನೂ ಬರೆದುಕೊಡಿ."